ಇಂಡಿಕೇಟರ್ ಫ್ಯೂಸ್ ಹೋದರೆ ತಂತಿ ಸುತ್ತಿಸಿಕೊಳ್ಳಬೇಡಿ

ಕಾರಿನ ಇಂಡಿಕೇಟರ್ ನಿಂತುಹೋಗಿ, ದಾರಿಯಲ್ಲಿ ಯಾರಾದರೂ "ಫ್ಯೂಸ್ ಹೋಗಿದೆ, ಒಂದೆಳೆ ತಂತಿ ಸುತ್ತಿ ಕೊಡ್ತೀನಿ" ಅಂದರೆ ದಯವಿಟ್ಟು ಬೇಡ ಅನ್ನಿ. ಹಾಗೆ ಸುತ್ತಿಸಿಕೊಂಡು ಒಂದು ಗಂಟೆ ಕಳೆಯುವುದರೊಳಗೆ ನಮ್ಮ ಡಿಕ್ಕಿಯಿಂದ ಹೊಗೆ ಬಂತು. ಹಿಂದಿನ ಸೀಟಿನಲ್ಲಿ ನನ್ನ ಮಗ ಕೂತಿದ್ದ.

ಕಾರು 2011ರದ್ದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹೋದ ಮಳೆಗಾಲದಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ, ಅಮ್ಮನ ಮನೆಗೆ ಹೊರಟಿದ್ದೆವು. ಗಾಜನೂರು ಬರುವ ಮುಂಚೆಯೇ ಇಂಡಿಕೇಟರ್ ನಿಂತಿತು. ಯಾವ ಕಡೆ ಹಾಕಿದರೂ ಟಿಕ್ ಟಿಕ್ ಸದ್ದಿಲ್ಲ, ಮೀಟರಿನಲ್ಲಿ ಹಸಿರು ಬಾಣವೂ ಇಲ್ಲ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಸ್ವಿಚ್ ಒತ್ತಿದೆ, ಅದೂ ಕೆಲಸ ಮಾಡಲಿಲ್ಲ. ಜೋರು ಮಳೆ, ಸರಿಯಾಗಿ ಏನೂ ಕಾಣದ ರಸ್ತೆ, ಇಂಡಿಕೇಟರ್ ಇಲ್ಲದೆ ಹೋಗುವುದು ಬೇಡ ಅನ್ನಿಸಿತು. ರಸ್ತೆ ಪಕ್ಕದ ಒಂದು ಚಿಕ್ಕ ಗ್ಯಾರೇಜಿನಲ್ಲಿ ನಿಲ್ಲಿಸಿದೆ.

ಅಲ್ಲಿದ್ದವರು ಸ್ಟೀರಿಂಗ್ ಕೆಳಗಿನ ಫ್ಯೂಸ್ ಬಾಕ್ಸ್ ತೆಗೆದರು. 10 ಆಂಪ್‌ನ ಕೆಂಪು ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿದರು. ಎಡಗಡೆ ಚೆನ್ನಾಗಿ ಮಿನುಗಿತು. ಬಲಗಡೆ ಹಾಕಿದ ತಕ್ಷಣ ಹೊಸದೂ ಹೋಯಿತು. ಆಗ ಅವರು ಒಂದು ಹಳೇ ವೈರಿನಿಂದ ತಾಮ್ರದ ಎಳೆ ಕಿತ್ತು, ಸುಟ್ಟ ಫ್ಯೂಸಿನ ಎರಡು ಕಾಲಿಗೂ ಸುತ್ತಿ ಸಿಕ್ಕಿಸಿದರು. "ಇನ್ನು ಹೋಗಲ್ಲ ಅಕ್ಕ, ಧೈರ್ಯವಾಗಿ ಹೋಗಿ" ಅಂದರು. ಈ ಸಲ ಬಲಗಡೆಯೂ ಮಿನುಗಿತು. 50 ರೂಪಾಯಿ ಕೊಟ್ಟು ಹೊರಟೆ.

ಮಂಡಗದ್ದೆ ದಾಟಿದ ಮೇಲೆ ಪೆಟ್ರೋಲ್ ಬಂಕಿಗೆ ಬಲಕ್ಕೆ ತಿರುಗಬೇಕಿತ್ತು. ಎದುರಿಂದ ಲಾರಿಗಳು ಸಾಲಾಗಿ ಬರುತ್ತಿದ್ದವು, ಇಂಡಿಕೇಟರ್ ಹಾಕಿಕೊಂಡು ಕಾಯುತ್ತಾ ನಿಂತೆ. ಟಿಕ್ ಟಿಕ್ ಅನ್ನುತ್ತಿದ್ದದ್ದು ಕಿರ್ ಅಂತ ಎಳೆದು ನಿಂತೇಹೋಯಿತು. "ಅಮ್ಮಾ, ಏನೋ ಸುಟ್ಟ ವಾಸನೆ" ಅಂದ ಮಗ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಗಾಜಿನ ಹತ್ತಿರ ತೆಳ್ಳಗೆ ಬಿಳಿ ಹೊಗೆ. ಇಂಡಿಕೇಟರ್ ಆಫ್ ಮಾಡಿ, ಕಾರನ್ನು ಎಡಕ್ಕೆ ತಂದು, ಕೀ ತೆಗೆದು, ಮಗುವನ್ನು ಮಳೆಯಲ್ಲೇ ಕೆಳಗಿಳಿಸಿದೆ. ಹಿಂದೆ ನಿಂತಿದ್ದ ಗೂಡ್ಸ್ ಗಾಡಿಯ ಡ್ರೈವರ್ 10 ನಂಬರ್ ಸ್ಪ್ಯಾನರ್ ತಂದು ಬ್ಯಾಟರಿಯ ಮೈನಸ್ ಬಿಚ್ಚಿಕೊಟ್ಟರು. ಡಿಕ್ಕಿಯೊಳಗೆ ಬಲಗಡೆಯ ಮ್ಯಾಟ್ ಅಂಗೈ ಅಗಲ ಕಪ್ಪಾಗಿತ್ತು. ಒಂದು ವೈರಿನ ಪ್ಲಾಸ್ಟಿಕ್ ಪೂರ್ತಿ ಕರಗಿ, ಒಳಗಿನ ತಾಮ್ರ ಬರಿಮೈಯಲ್ಲಿ ಕಾಣುತ್ತಿತ್ತು. ಅವತ್ತು ಇನ್ನೂ ಐದು ನಿಮಿಷ ಹಾಗೇ ಕಾದಿದ್ದರೆ ಏನಾಗುತ್ತಿತ್ತೋ. ಈಗಲೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಶಿವಮೊಗ್ಗಕ್ಕೆ ವಾಪಸ್ ಬಂದಮೇಲೆ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಶರ್ ರಿಲೇ ಕರಗಿಹೋಗಿತ್ತು. ಅವರು ಅದನ್ನು ಕಿತ್ತರು. ಸರಿಯಾದ ಫ್ಯೂಸ್ ಹಾಕಿ, ರಿಲೇ ಜಾಗಕ್ಕೆ ವೈರ್ ಕಟ್ಟಿದ ಒಂದು 21 ವ್ಯಾಟ್ ಬಲ್ಬ್ ಸಿಕ್ಕಿಸಿದರು. ಇಂಡಿಕೇಟರಿನ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟರು. ಎಡಕ್ಕೆ ಹಾಕಿದಾಗ ಅವರ ಬಲ್ಬ್ ಹತ್ತಲಿಲ್ಲ. ಬಲಕ್ಕೆ ಹಾಕಿದಾಗ ಝಗ್ ಅಂತ ಪೂರ್ತಿ ಹತ್ತಿತು. "ಬಲ್ಬೇ ಇಲ್ಲದ ಕಡೆ ಕರೆಂಟ್ ಹೋಗ್ತಾ ಇದೆ ಅಂದ್ರೆ ಎಲ್ಲೋ ವೈರು ಕಾರಿನ ಬಾಡಿಯ ಕಬ್ಬಿಣಕ್ಕೆ ತಾಗಿದೆ ಅಂತ ಅರ್ಥ ಅಲ್ವಾ ಅಮ್ಮ" ಅಂದರು. ಆಮೇಲೆ ಡಿಕ್ಕಿಯ ವೈರುಗಳನ್ನು ಒಂದೊಂದಾಗಿ ಅಲ್ಲಾಡಿಸುತ್ತಾ ಹೋದರು. ಆ ಕರಗಿದ ವೈರನ್ನು ಎತ್ತಿ ಹಿಡಿದಾಗ ಬಲ್ಬ್ ಆರಿತು, ಬಿಟ್ಟಾಗ ಹತ್ತಿತು.

ಆ ವೈರು ಕಾರಿನ ಜೊತೆ ಬಂದದ್ದೇ ಅಲ್ಲ. ಈ ಘಟನೆಗೆ ನಾಲ್ಕು ತಿಂಗಳ ಮುಂಚೆ ಒಂದು ಅಂಗಡಿಯಲ್ಲಿ ಹಿಂದಿನ ಇಂಡಿಕೇಟರಿಗೆ ಎಲ್‌ಇಡಿ ಪಟ್ಟಿ ಹಾಕಿಸಿದ್ದೆ. ಅವರು ಕಂಪನಿ ವೈರನ್ನು ಕೊಯ್ದು, ನೂಲಿನಂಥ ವೈರ್ ಸೇರಿಸಿ, ಮೇಲೆ ಬರೀ ಟೇಪ್ ಸುತ್ತಿದ್ದರು. ಆ ತೆಳು ವೈರು ಕಬ್ಬಿಣದ ಅಂಚಿಗೆ ಉಜ್ಜಿ ಸವೆದಿತ್ತು. ಗಾಡಿ ಕುಲುಕಿದಾಗ ಒಮ್ಮೆ ತಾಗುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಗ್ಯಾರೇಜಿನಲ್ಲಿ ತಂತಿ ಸುತ್ತಿದ ಮೇಲೆ ಎಲ್ಲ ಸರಿಹೋದ ಹಾಗೆ ಕಂಡದ್ದು ಅದಕ್ಕೇ. ಎರಡು ಸಲವೂ ಫ್ಯೂಸ್ ತಾನು ಸುಟ್ಟುಹೋಗಿ ವೈರನ್ನು ಉಳಿಸಿತ್ತು. ಅದರ ಜಾಗಕ್ಕೆ ತಾಮ್ರದ ಎಳೆ ಬಂದ ಮೇಲೆ ವೈರೇ ಸುಡಬೇಕಾಯಿತು.

ಆ ಎಲೆಕ್ಟ್ರಿಷಿಯನ್ ಹೇಳಿಕೊಟ್ಟದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಒಂದು ಕಡೆ ಮಾತ್ರ ಜಾಸ್ತಿ ವೇಗವಾಗಿ ಮಿನುಗಿದರೆ ಮೊದಲು ಆ ಕಡೆಯ ಬಲ್ಬ್ ನೋಡಿ, ಹೋಲ್ಡರಿನಲ್ಲಿ ತುಕ್ಕು ಹಿಡಿದಿದೆಯಾ ನೋಡಿ. ಮಲೆನಾಡಿನ ಮಳೆಗೆ ಹೋಲ್ಡರ್ ತುಕ್ಕು ಹಿಡಿಯುವುದು ತುಂಬಾ ಸಾಮಾನ್ಯ. ಮಾಮೂಲಿ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೂ ಹೀಗೆ ವೇಗವಾಗಿ ಮಿನುಗುತ್ತದೆ, ಅದು ಎಳೆಯುವ ಕರೆಂಟ್ ಕಮ್ಮಿ. ಹಜಾರ್ಡ್ ಮಿನುಗುತ್ತಿದ್ದು ಇಂಡಿಕೇಟರ್ ಮಾತ್ರ ನಿಂತಿದ್ದರೆ, ಬಹಳಷ್ಟು ಕಾರುಗಳಲ್ಲಿ ಬಲ್ಬ್, ರಿಲೇ ಸರಿಯಿದೆ ಅಂತ ಅರ್ಥ. ಆಗ ಇಂಡಿಕೇಟರಿನ ಫ್ಯೂಸ್ ಅಥವಾ ಸ್ಟೀರಿಂಗ್ ಪಕ್ಕದ ಸ್ವಿಚ್ ನೋಡಿಸಬೇಕು. ಎರಡೂ ನಿಂತಿದ್ದರೆ ಫ್ಯೂಸ್, ರಿಲೇ.

ಫ್ಯೂಸ್ ಹಾಕುವಾಗ ಅದೇ ನಂಬರಿನದೇ ಹಾಕಿ. 10 ಆಂಪ್‌ ಕೆಂಪು, 15 ನೀಲಿ, 20 ಹಳದಿ. ಕೆಂಪು ಸಿಗಲಿಲ್ಲ ಅಂತ ಹಳದಿ ಹಾಕುವುದೂ ತಂತಿ ಸುತ್ತಿದ ಹಾಗೇ. ಹೊಸ ಫ್ಯೂಸೂ ಹೋಯಿತಾ? ಅಲ್ಲಿಗೆ ನಿಲ್ಲಿಸಿ. ಇಂಡಿಕೇಟರ್ ಇಲ್ಲದೆ ನಿಧಾನವಾಗಿ ಎಲೆಕ್ಟ್ರಿಷಿಯನ್ ಹತ್ತಿರ ಹೋಗಬಹುದು. ಬಲಕ್ಕೆ ತಿರುಗುವಾಗ ಬಲಗೈ ಹೊರಗೆ ನೇರ ಚಾಚಿ. ಎಡಕ್ಕಾದರೆ ಅದೇ ಕೈ ಚಾಚಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿಸಿ. ಕತ್ತಲಾಗಿದ್ದರೆ ಹೋಗಲೇಬೇಡಿ, ಕೈ ಯಾರಿಗೂ ಕಾಣುವುದಿಲ್ಲ.

ಕೆಲಸ ಮುಗಿದ ಮೇಲೆ ಆ ಎಲೆಕ್ಟ್ರಿಷಿಯನ್ ನಾನು ಕೇಳದೆಯೇ ಉಳಿದ ಫ್ಯೂಸ್‌ಗಳನ್ನೂ ಒಂದೊಂದಾಗಿ ಕಿತ್ತು ಬೆಳಕಿಗೆ ಹಿಡಿದು ನೋಡಿದರು. ವೈಪರಿನ ಫ್ಯೂಸಿಗೂ ಯಾರೋ ತಂತಿ ಸುತ್ತಿದ್ದರು. ನಾವು ಕಾರು ತಗೊಳ್ಳುವ ಮುಂಚೆಯೇ ಇರಬೇಕು, ತಾಮ್ರ ಹಸಿರುಗಟ್ಟಿತ್ತು.