ಟ್ರಾಟ್‌ನಿಂದ ಕ್ಯಾಂಟರ್, ವಾಕ್‌ನಿಂದ ಕ್ಯಾಂಟರ್: ಎರಡು ಅಭ್ಯಾಸಕ್ರಮಗಳ ಹೋಲಿಕೆ

ಕುದುರೆ ಸವಾರಿಯಲ್ಲಿ ಕ್ಯಾಂಟರ್ (ಮೂರು ತಾಳದ ಹದವಾದ ಓಟ) ಆರಂಭವಾಗುವ ಆ ಒಂದು ಕ್ಷಣವನ್ನು ತಿದ್ದಿಕೊಳ್ಳಲೆಂದೇ ನಾನು ವಾರಕ್ಕೆ ಎರಡು ಪಾಠಗಳಂತೆ ಎರಡು ಕ್ರಮಗಳನ್ನು, ಒಂದೊಂದನ್ನೂ ಎಂಟು ವಾರ, ಒಂದೇ ಹೆಣ್ಣು ಕುದುರೆಯ ಮೇಲೆ ಅಭ್ಯಾಸ ಮಾಡಿದೆ. ಎಡಕ್ಕೆ ಸಲೀಸಾಗಿ ಬಾಗುತ್ತಿದ್ದ ಆ ಕುದುರೆ ಬಲಕ್ಕೆ ತಿರುಗುವಾಗ ಬಿಗಿಯಾಗುತ್ತಿತ್ತು. ಬಲ ಮುಂಗಾಲು ಮುಂದಾಗುವ ಬಲ ಕ್ಯಾಂಟರ್ ಕೇಳಿದರೆ ತಲೆಯೆತ್ತಿ, ಎಡ ಮುಂಗಾಲನ್ನೇ ಮುಂದಿಟ್ಟು ಹೊರಡುತ್ತಿತ್ತು. ಇಂಥ ಬಿಗಿತಕ್ಕೆ ನೋವೂ ಕಾರಣವಿರಬಹುದಾದ್ದರಿಂದ ಮೊದಲು ಪಶುವೈದ್ಯರಿಂದ ಅದರ ಬೆನ್ನನ್ನೂ ಜೀನು ಕೂರುವ ರೀತಿಯನ್ನೂ ಪರೀಕ್ಷೆ ಮಾಡಿಸಿದ ಮೇಲೆಯೇ ಪಾಠಗಳನ್ನು ಆರಂಭಿಸಿದೆ.

ಮೊದಲ ಕ್ರಮದಲ್ಲಿ 20 ಮೀಟರ್ ವ್ಯಾಸದ ವೃತ್ತದಲ್ಲಿ ಟ್ರಾಟ್ (ಎರಡು ತಾಳದ ಕುಲುಕು ಓಟ) ಮಾಡುತ್ತಾ ಅಲ್ಲಿಂದಲೇ ಕ್ಯಾಂಟರ್‌ಗೆ ಹೋಗಬೇಕಿತ್ತು. ಟ್ರಾಟ್‌ನಲ್ಲಿ ವೇಗವೂ ನೆಗೆತವೂ ಆಗಲೇ ಇರುವುದರಿಂದ ಕುದುರೆಗೆ ಇದು ಹಗುರ, ಮೈಯೂ ಬೇಗ ಸಡಿಲವಾಗುತ್ತದೆ. ಆದರೆ ಆ ವೇಗವೇ ದೋಷವನ್ನು ಮುಚ್ಚಿಡುತ್ತದೆ. ನನ್ನ ಸೂಚನೆ ತಡವಾದಾಗಲೂ ಕುದುರೆ ಟ್ರಾಟನ್ನು ಬಿರುಸುಗೊಳಿಸುತ್ತಾ ಹೋಗಿ, ಮುಂಗಾಲುಗಳ ಮೇಲೆ ಭಾರ ಹಾಕಿ, ಹೇಗೋ ಕ್ಯಾಂಟರ್‌ಗೆ ಬಂದುಬಿಡುತ್ತಿತ್ತು. ಅದನ್ನೇ ನಾನು ಬಹಳ ದಿನ ಪ್ರಗತಿಯೆಂದು ಎಣಿಸಿದ್ದೆ.

ವಾಕ್‌ನಿಂದ, ಅಂದರೆ ಬರಿಯ ನಡಿಗೆಯಿಂದ, ನೇರವಾಗಿ ಕ್ಯಾಂಟರ್ ಕೇಳುವ ಎರಡನೆಯ ಕ್ರಮದಲ್ಲಿ ಅಂಥ ಮರೆ ಇರಲಿಲ್ಲ. ಬಲ ಕ್ಯಾಂಟರ್‌ನ ಮೂರು ತಾಳಗಳಲ್ಲಿ ಮೊದಲನೆಯದು ಎಡ ಹಿಂಗಾಲಿನದು, ಎರಡನೆಯದು ಬಲ ಹಿಂಗಾಲು ಮತ್ತು ಎಡ ಮುಂಗಾಲು ಜೊತೆಯಾಗಿ ಊರುವುದು, ಮೂರನೆಯದು ಬಲ ಮುಂಗಾಲಿನದು. ಆಮೇಲೆ ನಾಲ್ಕು ಕಾಲುಗಳೂ ಕ್ಷಣಕಾಲ ನೆಲ ಬಿಟ್ಟಿರುತ್ತವೆ. ಎಲ್ಲವೂ ವೃತ್ತದ ಹೊರಬದಿಯ ಹಿಂಗಾಲಿನಿಂದ ಆರಂಭವಾಗುವುದರಿಂದ, ಆ ಕಾಲು ನೆಲಕ್ಕೂರುವ ಮುನ್ನವೇ ನನ್ನ ಸೂಚನೆ ಕುದುರೆಗೆ ತಲುಪಿರಬೇಕು. ಮೊದಲ ಎರಡು ವಾರಗಳಲ್ಲಿ ಕುದುರೆ ನಾಲ್ಕೈದು ಹೆಜ್ಜೆ ಟ್ರಾಟ್ ಮಾಡದೆ ಕ್ಯಾಂಟರ್‌ಗೆ ಏರಲೇ ಇಲ್ಲ. ಆಗ ಶಿಕ್ಷಕಿ ನನ್ನನ್ನು ಲಗಾಮಿಲ್ಲದೆ ಕೂರಿಸಿ, ಕುದುರೆಯನ್ನು ಉದ್ದದ ಹಗ್ಗದಲ್ಲಿ ತಾವೇ ಸುತ್ತಿಸಿದರು. ಸೂಚನೆ ಕೊಡುವಾಗಲೆಲ್ಲ ನಾನು ಮುಂದಕ್ಕೂ ಒಳಕ್ಕೂ ವಾಲಿ, ಅದು ಎತ್ತಬೇಕಾದ ಬಲ ಭುಜದ ಮೇಲೆಯೇ ನನ್ನ ಭಾರ ಹಾಕುತ್ತಿದ್ದುದು ಆಗ ತಿಳಿಯಿತು. ಅಷ್ಟು ದಿನ ನನ್ನ ತಪ್ಪನ್ನು ಆ ಮೂಕಪ್ರಾಣಿಯ ಮೇಲೆ ಹೊರಿಸಿದ್ದೆನಲ್ಲ ಎಂಬುದು ಈಗಲೂ ನನ್ನನ್ನು ನೋಯಿಸುತ್ತದೆ.

ನೆಟ್ಟಗೆ ಕುಳಿತು, 10 ಮೀಟರ್ ವೃತ್ತವೊಂದನ್ನು ವಾಕ್‌ನಲ್ಲಿ ಮುಗಿಸಿ, ಆ ಬಾಗು ಕಳೆಯುವ ಮೊದಲೇ ನನ್ನ ಒಳಗಾಲನ್ನು ಜೀನು ಕಟ್ಟುವ ಹೊಟ್ಟೆಪಟ್ಟಿಯ ಬಳಿಯಲ್ಲೂ ಹೊರಗಾಲನ್ನು ಅದರ ತುಸು ಹಿಂದೆಯೂ ಇಟ್ಟು ಕೇಳತೊಡಗಿದ ಮೇಲೆ, ಆರನೆಯ ವಾರದ ಹೊತ್ತಿಗೆ ಬಲ ಕ್ಯಾಂಟರ್ ತಲೆಯೆತ್ತದೆಯೇ ಬರಲಾರಂಭಿಸಿತು.

ಆದ್ದರಿಂದ ನನ್ನ ಒಲವು ಎರಡನೆಯ ಕ್ರಮದ ಕಡೆಗೆ. ಆದರೂ ಹಿಂಗಾಲುಗಳಲ್ಲಿ ಇನ್ನೂ ಬಲ ಬಾರದ ಎಳೆಯ ಕುದುರೆಗೆ ಇದನ್ನು ನಾನು ಸೂಚಿಸಲಾರೆ. ಅದಕ್ಕೆ ಟ್ರಾಟ್‌ನ ದಾರಿಯೇ ಸರಿ. ನಾನೂ ಈಗ ಮೈ ಬೆಚ್ಚಗಾಗುವವರೆಗೆ ಟ್ರಾಟ್‌ನಿಂದಲೇ ಏರಿಸುತ್ತೇನೆ, ಬಳಿಕ ವಾಕ್‌ನಿಂದ ಪ್ರತಿ ದಿಕ್ಕಿಗೆ ನಾಲ್ಕೈದು ಸಲವಷ್ಟೇ ಕೇಳುತ್ತೇನೆ, ಏಕೆಂದರೆ ಅದಕ್ಕಿಂತ ಹೆಚ್ಚಾದರೆ ನನ್ನ ಕುದುರೆ ಸೂಚನೆಗೆ ಕಾಯದೆ ತಾನೇ ಹೊರಟುಬಿಡುತ್ತದೆ. ಕ್ಯಾಂಟರ್‌ನಿಂದ ವಾಕ್‌ಗೆ ಇಳಿಯುವಾಗ ಇನ್ನೂ ಎರಡು ಮೂರು ಟ್ರಾಟ್ ಹೆಜ್ಜೆಗಳು ನುಸುಳುತ್ತಿವೆ; ಸದ್ಯದ ಪಾಠಗಳೆಲ್ಲ ಅದರ ಮೇಲೆಯೇ ನಡೆದಿವೆ.