ಮಾತಿಗೆ ಮಿತಿ ಎಲ್ಲಿ? ಮಿಲ್, ಫೈನ್‌ಬರ್ಗ್, ವಾಲ್ಡ್ರನ್

ಚರ್ಚಾಕೂಟದಲ್ಲಿ ಯಾವ ಮಾತನ್ನು ತಡೆಯಬೇಕು ಎಂಬ ನಿಯಮಕ್ಕೆ ಈ ಮೂವರು ತತ್ವಜ್ಞಾನಿಗಳಲ್ಲಿ ಯಾರ ವಾದ ಹಿಡಿಯಲಿ ಅಂತ ಕೇಳಿದ್ದೀರಿ. ಮೊದಲು, ಗೆರೆ ಎಲ್ಲಿ ಬೀಳುತ್ತದೆ ನೋಡೋಣ.

ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಹೇಳಿದ್ದು, ಬೇರೆಯವರಿಗೆ ಹಾನಿಯಾಗುವಂತಿದ್ದರೆ ಮಾತ್ರ ತಡೆಯಿರಿ ಅಂತ. ಅವರದೇ ಉದಾಹರಣೆ: ಧಾನ್ಯದ ವ್ಯಾಪಾರಿಗಳು ಬಡವರನ್ನು ಹಸಿವಿಗೆ ದೂಡುತ್ತಾರೆ ಎಂದು ಪತ್ರಿಕೆಯಲ್ಲಿ ಬರೆಯಬಹುದು. ಅದನ್ನೇ ವ್ಯಾಪಾರಿಯ ಮನೆ ಮುಂದೆ ಸೇರಿದ ರೊಚ್ಚಿಗೆದ್ದ ಗುಂಪಿಗೆ ಹೇಳಿದರೆ ಶಿಕ್ಷೆ ಸರಿ. ಜೋಯೆಲ್ ಫೈನ್‌ಬರ್ಗ್‌ಗೆ ಇಷ್ಟು ಸಾಲದು. ತೀವ್ರವಾದ ಅಸಹ್ಯವೂ ಲೆಕ್ಕಕ್ಕೆ ಬರುತ್ತದೆ, ಆದರೆ ಸುಲಭವಾಗಿ ದೂರ ಸರಿಯಬಹುದಾದರೆ ಅದರ ತೂಕ ಕಡಿಮೆ. ಜೆರೆಮಿ ವಾಲ್ಡ್ರನ್ 2012ರಲ್ಲಿ ಬೇರೆಯದನ್ನೇ ಕೇಳಿದರು. ಮನಸ್ಸು ನೊಂದಿತಾ ಅಂತಲ್ಲ, ಒಂದು ಸಮುದಾಯದವರಿಗೆ ಸಮಾನರಾಗಿ ಬದುಕುವ ಭರವಸೆಯೇ ಹೋಯಿತಾ ಅಂತ.

ಜಾರಿಗೆ ಮಿಲ್ ಸುಲಭ. ದುರುಪಯೋಗದ ಅಪಾಯ ಫೈನ್‌ಬರ್ಗ್ ದಾರಿಯಲ್ಲಿ ಜಾಸ್ತಿ, ಅಸಹ್ಯವನ್ನು ಅಳೆಯೋದು ಕಷ್ಟ ಅಲ್ವಾ? ಆದರೆ ಮಿಲ್ ನಿಯಮಕ್ಕೂ ಬೆಲೆಯಿದೆ. ದಿನದಿನವೂ ಬೀಳುವ ದ್ವೇಷದ ಮಾತಿನ ಹಾನಿ ನಿಧಾನವಾದದ್ದು, ಆ ನಿಯಮದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ವಿಚಾರಗಳನ್ನು ಒರೆಗೆ ಹಚ್ಚುವ ಕೂಟವಾದರೆ ಮಿಲ್ ಹಿಡಿಯಿರಿ. ಎದ್ದು ಹೋಗಲಾಗದ ಜಾಗವಾದರೆ ಫೈನ್‌ಬರ್ಗ್. ಸದಸ್ಯರಲ್ಲಿ ಕೆಲವರು ಹುಟ್ಟಿನ ಕಾರಣಕ್ಕೇ ಗುರಿಯಾಗುತ್ತಿದ್ದರೆ ವಾಲ್ಡ್ರನ್.