ಮಡಿಕೇರಿ ಮಳೆಗೆ ಯಾವ ಗಿಟಾರ್ ತಡೆಯುತ್ತೆ?

ಮಡಿಕೇರಿ ಕಡೆಯವರು ಹೊಸದಾಗಿ ಗಿಟಾರ್ ಕಲಿಯೋದಾದ್ರೆ ನೈಲಾನ್ ತಂತಿಯದ್ದೇ ತಗೊಳ್ಳಿ. ನನ್ನ ಹತ್ತಿರ ಈಗ ಇರೋದು ಯಮಾಹಾ ಸಿ40. ಇದಕ್ಕೆ ಮೊದಲು ಭಾವ ಉಡುಗೊರೆ ಕೊಟ್ಟ ಸ್ಟೀಲ್ ತಂತಿಯದ್ದಿತ್ತು. ಆನ್‌ಲೈನ್ ಮಾಲು, ಬ್ಯಾಗು, ಬೆಲ್ಟು, ಪಿಕ್ಕು ಎಲ್ಲ ಸೇರಿ ಮೂರೂವರೆ ಸಾವಿರ. ಗೆಳೆಯನ ಸ್ಟೀಲ್ ತಂತಿಯ ಯಮಾಹಾ ಎಫ್280 ಕೂಡ ಸ್ವಲ್ಪ ಕಾಲ ನಮ್ಮನೆಯಲ್ಲೇ ಇತ್ತು.

ಉಡುಗೊರೆ ಗಿಟಾರ್ ಬೇಸಿಗೆಯಲ್ಲಿ ಚೆನ್ನಾಗೇ ನುಡೀತಿತ್ತು. ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡೀತು ನೋಡಿ, ಮರ ತೇವ ಎಳೆದುಕೊಂಡು, ತಂತಿಗಳ ಬುಡ ಕಟ್ಟಿರೋ ಬ್ರಿಡ್ಜ್ ಹಿಂದಿನ ಹಲಗೆ ಉಬ್ಬಿತು, ತಂತಿಗಳು ಮೇಲೆದ್ದವು. ಕುತ್ತಿಗೆ ಮೇಲಿನ 12ನೇ ಫ್ರೆಟ್ (ಲೋಹದ ಅಡ್ಡಪಟ್ಟಿ) ಹತ್ತಿರ ದಪ್ಪ ತಂತಿಯ ಎತ್ತರ ಎರಡೂವರೆ ಮಿಲಿಮೀಟರ್ ಸುತ್ತ ಇದ್ದರೆ ಕೈಗೆ ಹಿತ. ಇದರಲ್ಲಿ ನಾಲ್ಕು ದಾಟಿತ್ತು. ಹಲವು ತಂತಿ ಒಟ್ಟಿಗೆ ಒತ್ತೋ ಕಾರ್ಡ್‌ಗಳಲ್ಲಿ ಕಷ್ಟದ ಎಫ್ ಹಿಡಿಯೋದಂತೂ ಬಿಡಿ, ಸಿ ಹಿಡಿದರೂ ಬೆರಳ ತುದಿಯಲ್ಲಿ ಗೀರು.

ನೋವಿಗಿಂತ ಹೆಚ್ಚು ತಲೆ ಕೆಡಿಸಿದ್ದು ಶ್ರುತಿ. ಖಾಲಿ ತಂತಿ ಮೀಟಿದರೆ ಟ್ಯೂನರ್ ಹಸಿರು ತೋರಿಸಿ ಶ್ರುತಿ ಸರಿ ಅನ್ನುತ್ತೆ, ಕಾರ್ಡ್ ಹಿಡಿದರೆ ಅಪಸ್ವರ. ಅಷ್ಟು ಎತ್ತರದಿಂದ ಫ್ರೆಟ್‌ವರೆಗೆ ಒತ್ತುವಾಗ ತಂತಿ ಇನ್ನಷ್ಟು ಬಿಗಿಯಾಗಿ ಶ್ರುತಿ ಏರುತ್ತೆ. ಕಲಿಯುವವರಿಗೆ ಅನುಮಾನ ಬರೋದು ತಮ್ಮ ಕೈ ಮೇಲೆ. ಇನ್ನೂ ಗಟ್ಟಿ ಒತ್ತುತ್ತಾರೆ, ಶ್ರುತಿ ಇನ್ನೂ ಏರುತ್ತೆ. ಕುತ್ತಿಗೆ ಸರಿ ಮಾಡೋ ಟ್ರಸ್ ರಾಡ್ ತಿರುಗಿಸೋಣ ಅಂತ ತಲೆಭಾಗದ ಪುಟ್ಟ ಮುಚ್ಚಳ ಬಿಚ್ಚಿದರೆ ಒಳಗೆ ರಾಡೂ ಇಲ್ಲ, ತೂತೂ ಇಲ್ಲ, ಬರೀ ಮರ! ಇದ್ದಿದ್ದರೂ ಉಬ್ಬಿದ ಹಲಗೆಯನ್ನ ಅದು ಇಳಿಸ್ತಿರಲಿಲ್ಲ ಅನ್ನೋದು ಬೇರೆ ಮಾತು. ಕೊನೆಗೆ ಬ್ರಿಡ್ಜ್ ಅಡಿ ಮದುವೆ ಕಾಗದದ ಅಂಚು ಸಲೀಸಾಗಿ ತೂರುವಷ್ಟು ಸಂದು ಬಿಟ್ಟಿತು.

ಸ್ಟೀಲ್‌ನ ಆರೂ ತಂತಿ ಸೇರಿ ಸುಮಾರು 70 ಕೆ.ಜಿ. ಎಳೆಯುತ್ತವೆ, ನೈಲಾನ್ 40ರ ಆಸುಪಾಸು. ತೇವ ಕುಡಿದ ಹಲಗೆಗೆ ಈ ವ್ಯತ್ಯಾಸ ಸಣ್ಣದಲ್ಲ. ಸಿ40 ಮಳೆಗಾಲದಲ್ಲಿ ಸ್ವಲ್ಪ ಮಂಕಾಯ್ತು, ಆಕಾರ ಬಿಡಲಿಲ್ಲ.

ಎಫ್280 ಬಗ್ಗೆ ದೂರಿಲ್ಲ. ಕುತ್ತಿಗೆ ಸಪೂರ, ಸದ್ದು ಜೋರು, ನಾಲ್ಕು ಜನ ಸೇರಿ ಸಿನಿಮಾ ಹಾಡು ಹಾಡೋಕೆ ಅದೇ ಸರಿ. ತಂತಿಗೆ ತುಕ್ಕು ಮಾತ್ರ ಬೇಗ. ಬಿಳಿ ಅಂಗಿ ಹಾಕಿ ನುಡಿಸಬೇಡಿ. ಕುಶಾಲನಗರದ ಕಡೆ ಮಳೆ ಕಮ್ಮಿ, ಅಲ್ಲಿಯವರು ಧೈರ್ಯವಾಗಿ ತಗೋಬಹುದು. ಬೆಲೆಯಲ್ಲಿ ಸಿ40ಗೂ ಇದಕ್ಕೂ ದೊಡ್ಡ ಅಂತರವಿಲ್ಲ.

ಸಿ40 ಕುತ್ತಿಗೆ ಅಗಲ, ಕುತ್ತಿಗೆಯ ತುದಿಯಲ್ಲಿ ತಂತಿ ಕೂರೋ ನಟ್ ಹತ್ತಿರ 52 ಮಿಲಿಮೀಟರ್. ಜಿ ಕಾರ್ಡ್‌ಗೆ ಕಿರುಬೆರಳು ಚಾಚಿ ಚಾಚಿ ಸಾಕಾಗುತ್ತೆ. ಹೊಸ ತಂತಿ ಹಾಕಿದ ಮೇಲೆ ಒಂದಷ್ಟು ದಿನ ಶ್ರುತಿ ಇಳೀತಾನೇ ಇರುತ್ತೆ. ಜೋರಾಗಿ ಬಾರಿಸಿದರೆ ಸಪ್ಪೆ. ಆದರೆ ನಾನು ನುಡಿಸೋದು ತೋಟದ ಲೆಕ್ಕ ಮುಗಿಸಿ, ಮನೆಯವರೆಲ್ಲ ಮಲಗಿದ ಮೇಲೆ, ಬರೀ ಬೆರಳಲ್ಲಿ. ನನಗೆ ಆ ಮೆತ್ತನೆ ಸದ್ದೇ ಬೇಕು.

ಮಳೆಗಾಲದಲ್ಲಿ ಗೋಡೆಗೆ ನೇತು ಹಾಕಬೇಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬ್ಯಾಗಲ್ಲೇ ಇಡಿ. ಸದ್ದು ಸಾಲದು ಅಂತ ಸಿ40ಗೆ ಸ್ಟೀಲ್ ತಂತಿ ಹಾಕಿಸೋಕೆ ಹೋದೀರಿ, ಬ್ರಿಡ್ಜ್ ಕಿತ್ತು ಬರುತ್ತೆ.